ಸ್ಕ್ಯಾನ್ ರೂಮಿನಲ್ಲಿ ಬಿಚ್ಚಿಸಿದ ತಾಳಿ

ಏಪ್ರಿಲ್ 24, 2021. ಶನಿವಾರ

ಔಷಧಿ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯನ್ನು ಅತ್ತೆ ರಂಗೋಲಿ ಚುಕ್ಕಿ ಬರೆದುಕೊಳ್ಳಲು ಎತ್ತಿಟ್ಟಿದ್ದರು. ಇವತ್ತು ನಾನೇ ಕಿತ್ತುಕೊಂಡೆ. ದಿನವೆಲ್ಲ ಮಾಸ್ಕಿನೊಳಗಿಂದ ಕಿರುಚಿ ಮನೆಗೆ ಬಂದರೆ ಯಾರ ಹತ್ತಿರವೂ ಬಾಯಿ ಬಿಡಲು ಮನಸ್ಸಾಗುವುದಿಲ್ಲ. ಬಾಯಿ ಬಿಡದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಇಲ್ಲಿ ಬರೆದರೆ ಯಾರೂ ಎದುರು ಮಾತಾಡುವುದಿಲ್ಲ, ಅದೊಂದು ಸುಖ.

ಬೆಳಿಗ್ಗೆ ಕಡೂರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ತೆಗೆಯುವ ಮುಂಚೆಯೇ ಬಿ.ಎಚ್. ರಸ್ತೆಯ ತನಕ ಸಾಲು. ತರೀಕೆರೆಯಿಂದ, ಅಜ್ಜಂಪುರದಿಂದ, ಬೀರೂರಿನಿಂದ ಕಾರು, ಆಟೊ, ಹಾಲಿನ ಟೆಂಪೊ. ಕೆಮ್ಮಿದವರಿಗೆಲ್ಲ ಈಗ ಎದೆಯ ಸಿ.ಟಿ. ಸ್ಕ್ಯಾನ್ ಬೇಕು. ಮೂಗಿನ ಟೆಸ್ಟಿನ ರಿಪೋರ್ಟ್ ಬರಲು ದಿನಗಟ್ಟಲೆ ಹಿಡಿಯುತ್ತದೆ. ನಮ್ಮ ಮಷೀನಿನಲ್ಲಿ ಮಲಗಿ ಎದ್ದರೆ ಸಂಜೆಗೆ ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಇಪ್ಪತ್ತೈದಕ್ಕೆ ಇಂತಿಷ್ಟು ಸ್ಕೋರ್ ಬಂದುಬಿಡುತ್ತದೆ. ಜನಕ್ಕೆ ಅದು ಎಸ್ಸೆಸ್ಸೆಲ್ಸಿ ರಿಸಲ್ಟ್ ಇದ್ದ ಹಾಗೆ. "ನಮ್ಮಣ್ಣಂಗೆ ಒಂಬತ್ತು, ನಂಗ್ಯಾಕ್ರೀ ಮೇಡಂ ಹದಿಮೂರು?" ಅಂತ ಒಬ್ಬ ಜಗಳಕ್ಕೇ ಬಂದ. ಮಾರ್ಕ್ಸ್ ಕಮ್ಮಿ ಮಾಡಿಕೊಡಲು ನಾನೇನು ಇವನ ಟ್ಯೂಷನ್ ಮೇಡಮ್ಮಾ? ನಾವೂ ಏನು ಕಮ್ಮಿಯಿಲ್ಲ. ನಾನೂ ಜೂನಿಯರ್ ಕಾಂತರಾಜುವೂ ರೋಗಿಗಳ ಹೆಸರು ಬಿಟ್ಟು ಸ್ಕೋರಿನಿಂದಲೇ ಕರೆಯುತ್ತೇವೆ. "ಹದಿನೆಂಟನ್ನ ಆಂಬುಲೆನ್ಸಿಗೆ ಹತ್ತಿಸಿದ್ಯಾ?" "ಆರು ಇನ್ನೂ ರಿಪೋರ್ಟಿಗೆ ಬಂದಿಲ್ಲ ಕಣಕ್ಕ." ಹೆಸರು ನೆನಪಿಟ್ಟುಕೊಳ್ಳುವ ಪುರುಸೊತ್ತು ಯಾರಿಗಿದೆ?

ಶಿವಮೊಗ್ಗದಲ್ಲಿ ಕೂತು ನಮ್ಮ ಚಿತ್ರಗಳನ್ನು ನೋಡಿ ವರದಿ ಕಳಿಸುವ ಡಾಕ್ಟರ್ ಇವತ್ತು ಫೋನಿನಲ್ಲಿ ಚೆನ್ನಾಗಿ ಝಾಡಿಸಿದರು. ಯಾರೋ ಒಬ್ಬಾಕೆ ರವಿಕೆಯೊಳಗೆ ಸರ ಬಚ್ಚಿಟ್ಟುಕೊಂಡೇ ಮಲಗಿದ್ದಾಳೆ. ಲೋಹ ಇದ್ದ ಕಡೆಯಿಂದ ಬಿಳಿ ಗೆರೆಗಳು ಚೆಲ್ಲಾಡಿ ಚಿತ್ರ ಕೆಟ್ಟಿದೆ. "ಏನಮ್ಮಾ ಶ್ರುತಿ, ನಾನು ಶ್ವಾಸಕೋಶ ನೋಡಬೇಕಾ, ಒಡವೆ ಅಂಗಡಿ ನೋಡಬೇಕಾ?" ಅಂದರು. ಪಕ್ಕದಲ್ಲಿ ಕಾಂತರಾಜು ಕಿಸಕ್ಕೆಂದ. ಇನ್ನು ಮೇಲೆ ಯಾರೇ ಆಗಲಿ, ಕತ್ತು ಬರಿದು ಮಾಡಿಕೊಳ್ಳದೆ ನನ್ನ ಟೇಬಲ್ ಹತ್ತುವಂತಿಲ್ಲ.

ತಾಳಿ ಬಿಚ್ಚಿ ಅಂದರೆ ಈ ಹೆಂಗಸರು ಪ್ರಾಣ ಕೇಳಿದ ಹಾಗೆ ಆಡುತ್ತಾರೆ. ನಮ್ಮ ಮದುವೆಯಾದದ್ದು ಬುದ್ಧನ ಪಟದ ಮುಂದೆ ಹಾರ ಬದಲಾಯಿಸಿಕೊಂಡು. ತಾಳಿ ಅತ್ತೆಯ ಆಸೆಗೆ ಕಟ್ಟಿಸಿಕೊಂಡದ್ದು. ಡ್ಯೂಟಿ ಇದ್ದ ದಿನ ಅದು ಬೀರುವಿನಲ್ಲಿರುತ್ತದೆ. ನನ್ನ ಗಂಡ ಧನಪಾಲ್ ಕರೆಂಟ್ ಕಂಬ ಹತ್ತುವ ಲೈನ್‌ಮನ್, ಇಷ್ಟು ವರ್ಷದಲ್ಲಿ ಅವರಿಗೆ ಏನೂ ಆಗಿಲ್ಲ. ನನಗೆ ಅದು ಒಂದು ಚೂರು ಚಿನ್ನ, ಅಷ್ಟೇ.

ಮೇ 3, ಸೋಮವಾರ

ಇವತ್ತು ಒಬ್ಬ ಹೆಂಗಸಿನ ಮೇಲೆ ರೇಗಿದೆ. ರೇಗಲೇಬೇಕಾಯಿತು.

ಪಂಚನಹಳ್ಳಿಯ ಅಂಬಮ್ಮ ಅಂತ. ಸೊಸೆಯ ಜೊತೆ ಬಂದಿದ್ದಳು. ಜ್ವರ, ಕೆಮ್ಮು, ನಾಲ್ಕು ಹೆಜ್ಜೆಗೆ ಏದುಸಿರು. ಗಂಡ ಲಕ್ಕಣ್ಣ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಾನೆ, ಮಗ ಅಲ್ಲಿ ಹೊರಗೆ ಕಾಯುತ್ತಿದ್ದಾನೆ ಅಂತ ಸೊಸೆ ಹೇಳಿದಳು. ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಕರೆದುಕೊಂಡೆ. ಪಿನ್ನು, ಸರ, ತಾಳಿ ಎಲ್ಲ ತೆಗೆಯಿರಿ ಅಂದೆ.

"ತಾಳಿ ಒಂದು ಬ್ಯಾಡ ಕಣವ್ವ. ಅವ್ರು ಅಲ್ಲಿ ಅಂಗೆ ಮಲಗವ್ರೆ. ಇವತ್ತೊಂದಿನ ಬುಟ್ಬುಡು ತಾಯಿ."

"ಫೋಟೋ ಕೆಡುತ್ತಮ್ಮ. ಬಿಚ್ಚಿಡಿ, ಫೋಟೋ ಆದಮೇಲೆ ಕಟ್ಕೊಳ್ಳಿ. ಎರಡು ನಿಮಿಷದ ಕೆಲಸ."

"ಮ್ಯಾಕೆ ಎಳ್ಕಂಡು ಬಾಯಲ್ಲಿ ಕಚ್ಕಂಡು ಮಲಿಕ್ಕತೀನಿ. ಕತ್ತಿಂದ ಮಾತ್ರ ಬ್ಯಾಡ."

ಹಿಂದೆ ಸಾಲು ಗೊಣಗುತ್ತಿತ್ತು. ಪಿಪಿಇ ಒಳಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. "ನಿಮ್ಮ ತಾಳಿ ಅವರಿಗೆ ಆಕ್ಸಿಜನ್ ಕೊಡುತ್ತಾ? ಬಿಚ್ಚಿ, ಇಲ್ಲಾ ಎದ್ದು ನಡೀರಿ. ಹಿಂಗೇ ಶಾಸ್ತ್ರ ಮಾಡ್ಕೊಂಡು ಕೂತಿದ್ರೆ ಇಬ್ಬರೂ ಹೋಗ್ತೀರಿ ಅಷ್ಟೇ!" ಅಂದೆ. ಬಾಗಿಲು ತೆರೆದಿತ್ತು, ಹೊರಗಿನವರೆಲ್ಲ ಕೇಳಿಸಿಕೊಂಡರು. ದಾರ ಆಕೆಯ ತುರುಬಿಗೆ ಸಿಕ್ಕಿಕೊಂಡು ತಲೆಯ ಮೇಲಿಂದ ಬರಲಿಲ್ಲ. ನಾನೇ ಗ್ಲೌಸ್ ಕೈಯಲ್ಲಿ ಎಳೆದು ತೆಗೆದೆ. ಮಾತ್ರೆ ಹಾಕುವ ಕಾಗದದ ಕವರಿಗೆ ಹಾಕಿ, ಹೆಸರು ಬರೆದು, ಆಕೆಗೆ ತೋರಿಸಿಯೇ ಟೇಬಲ್ ಪಕ್ಕದ ಗೂಡಿನಲ್ಲಿಟ್ಟೆ.

ಉಸಿರು ಎಳೆದು ಹಿಡಿದುಕೊಳ್ಳಿ ಅಂದರೆ ಕೆಮ್ಮು. ಇನ್ನೊಂದು ಸಲ ಮಾಡಬೇಕಾಯಿತು. ಟೇಬಲ್ ಹೊರಗೆ ಬರುವ ಹೊತ್ತಿಗೆ ಸೊಸೆ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. "ಬನ್ನಿ ಅತ್ತೆ, ಹೋಗಾಣ" ಅಂತ ಭುಜ ಹಿಡಿದು ನಡೆಸಿಕೊಂಡು ಹೋದಳು. ಕಾರಿಡಾರಿನ ತುದಿ ಮುಟ್ಟಿದ ಮೇಲೆ ಒಂದು ಕೂಗು ಕೇಳಿಸಿತು. ಅಂಥ ಕೂಗು ಈಗ ದಿನಾ ಕೇಳಿಸುತ್ತದೆ. ನಾನು ಟೇಬಲ್ ಒರೆಸಿ, ಮುಂದಿನವರು ಬನ್ನಿ ಅಂದೆ.

ಸಂಜೆ ವರದಿ ಬಂತು. ಸ್ಕೋರ್ ಹನ್ನೆರಡು. ಗುಣವಾಗುವ ಕೇಸೇ.

ಮೇ 4

ಕವರ್ ಗೂಡಿನಲ್ಲೇ ಇದೆ. ಅರಿಶಿನದ ದಾರ, ಎರಡು ಬೊಟ್ಟು, ಒಂದಿಷ್ಟು ಕರಿಮಣಿ.

ಕಾಂತರಾಜುವಿನ ಊರು ಪಂಚನಹಳ್ಳಿ ಪಕ್ಕವೇ. ಲಕ್ಕಣ್ಣ ತೀರಿಕೊಂಡ ಅಂತ ಅವನೇ ಹೇಳಿದ. ಫೋನ್ ಬಂದಾಗ ಹೆಂಡತಿ ನನ್ನ ಟೇಬಲ್ ಮೇಲೆ ಕೈ ಎತ್ತಿಕೊಂಡು ಮಲಗಿದ್ದಳು. ಮುಖ ಸಹ ತೋರಿಸದೆ ಅಲ್ಲೇ ಮಣ್ಣು ಮಾಡಿದರಂತೆ.

ನನ್ನ ಬಾಯಿಂದ ಬಂದ ಮಾತಿಗೂ ಅವನ ಸಾವಿಗೂ ಸಂಬಂಧವಿಲ್ಲ. ಆಕ್ಸಿಜನ್ ಮಟ್ಟ ಬಿದ್ದರೆ ಸಾಯುತ್ತಾರೆ, ತಾಳಿ ಬಿಚ್ಚಿದರೆ ಅಲ್ಲ. ಇದು ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತು.

ಅವರ ನಂಬರ್ ಕಂಪ್ಯೂಟರಿನಲ್ಲಿದೆ. ಫೋನ್ ಮಾಡಿ ಏನು ಹೇಳುವುದು? 'ನಿಮ್ಮ ತಾಳಿ ಇಲ್ಲಿದೆ, ಬಂದು ತಗೊಂಡು ಹೋಗಿ' ಅಂತ ನಿನ್ನೆ ತಾನೆ ಗಂಡನನ್ನು ಕಳೆದುಕೊಂಡವಳಿಗೆ ಹೇಳುವುದಾ? ತಿಥಿ ಮುಗಿಯಲಿ. ಆಮೇಲೆ ಮಾಡುತ್ತೇನೆ.

ಮೇ 6

ಅತ್ತೆ ರಾಗಿ ಮುದ್ದೆ ಕಟ್ಟುತ್ತಿದ್ದಾಗ ಅರ್ಧ ವಿಷಯ ಹೇಳಿದೆ. ಕವರ್ ನನ್ನ ಹತ್ತಿರ ಇದೆ ಅನ್ನುವ ಅರ್ಧವನ್ನು ಹೇಳಲಿಲ್ಲ.

"ಒಂದು ಅರಿಶಿನದ ಕೊಂಬು ಕಟ್ಟಿಸ್ಬಾರ್ದಿತ್ತೇನೇ?" ಅಂದರು. "ತಾಳಿ ಬೆಸುಗೆಗೆ ಕೊಡೋವಾಗ್ಲೂ ಮೊದ್ಲು ದಾರಕ್ಕೆ ಕೊಂಬು ಕಟ್ಕೊಂಡು, ಆಮೇಲೆ ಇದನ್ನ ಬಿಚ್ಚೋದು. ಕತ್ತು ಬರಿದು ಬಿಡೋ ಪದ್ಧತಿ ಯಾರಲ್ಲೂ ಇಲ್ಲ ಕಣೇ. ಅದು ಮಷೀನಿಗೆ ಅಡ್ಡ ಬತ್ತದಾ?"

ಅರಿಶಿನದ ಕೊಂಬು ಮಷೀನಿಗೆ ಏನೂ ಅಡ್ಡ ಬರುವುದಿಲ್ಲ. ಆ ಮಾತು ಹಾಗಿರಲಿ, ಆಕೆ ಹೇಳಿದ ಹಾಗೆ ದಾರವನ್ನು ಮೇಲೆಳೆದು ಬಾಯಲ್ಲಿ ಕಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ನಾವು ಹಿಡಿಯುವುದು ಎದೆಯ ಚಿತ್ರ, ಬಾಯಿಯದಲ್ಲ. ಇದು ನನಗೆ ಅವತ್ತೂ ಗೊತ್ತಿತ್ತು.

"ನಿಮಗ್ಯಾಕೆ ಇದೆಲ್ಲಾ, ಬುದ್ಧನಿಗೆ ಕೈ ಮುಗಿಯೋರಿಗೆ?" ಅಂತ ಅತ್ತೆಗೇ ತಿರುಗಿಸಿದೆ.

"ಹೆದರ್ಕೊಂಡಿರೋ ಹೆಂಗಸನ್ನ ಹಿಡ್ಕೊಂಡು ಬಯ್ಯಿ ಅಂತ ಬುದ್ಧ ನಿನ್ ಕಿವೀಲಿ ಹೇಳಿದ್ನಾ?" ಅಂದರು. ನಮ್ಮತ್ತೆ ಈಶ್ವರಮ್ಮನವರ ಬಾಯಿಗೆ ಎದುರು ಕೊಡಲು ಯಾರಿಗಾದರೂ ಆದೀತಾ?

ಮೇ 9

ಅಂಗಡಿ ಮುಚ್ಚುವ ಮುಂಚೆ ಹೋಗಿ ಒಂದಿಷ್ಟು ಅರಿಶಿನದ ಕೊಂಬು, ಒಂದು ಉಂಡೆ ದಾರ ತಂದು ಸೆಂಟರಿನಲ್ಲಿಟ್ಟೆ. ಸಮಯ ಉಳಿಯಲಿ ಅಂತ. ಎಮ್ಮೆದೊಡ್ಡಿಯ ಭಾಗಮ್ಮ ಅಂತ ಒಬ್ಬರು ಬಂದರು. ಕೊಂಬು ಕೈಗೆ ಕೊಟ್ಟ ಕೂಡಲೇ ತಾವೇ ಕಟ್ಟಿಕೊಂಡು ತಾಳಿ ಬಿಚ್ಚಿಕೊಟ್ಟರು. ಒಂದು ಮಾತಿಲ್ಲ, ಅಳುವಿಲ್ಲ. ಹೋಗುವಾಗ ಕೊಂಬನ್ನು ಏನು ಮಾಡಲಿ ಅಂತ ಕೇಳಿದರು. ಇಟ್ಕೊಳ್ಳಿ ಅಂದೆ. ಸಾಲು ಬೇಗ ಸಾಗಿತು. ಕೆಲಸಕ್ಕೆ ಅನುಕೂಲ, ಬೇರೇನಿಲ್ಲ.

ಮೇ 15, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಅಂಬಮ್ಮನ ಸೊಸೆ ಬಂದಿದ್ದಳು. ಅನುಷಾ ಅಂತ ಹೆಸರು. ಅತ್ತೆಯ ಫಿಲ್ಮ್ ತೆಗೆದುಕೊಳ್ಳಲು ಬಂದವಳು, ಸಾಲಿನವರಿಗೆಲ್ಲ ದಾರಿ ಬಿಟ್ಟು ಕೊನೆಯವರೆಗೂ ಕಾದಳು. ಆಮೇಲೆ ಕಿಟಕಿಗೆ ಬಂದು ಮೆಲ್ಲಗೆ ಕೇಳಿದಳು.

"ಅಕ್ಕಾ, ನಮ್ಮತ್ತೆ ತಾಳಿ ಏನಾದ್ರೂ ಇಲ್ಲೇ ಉಳ್ಕೊಂಡೈತಾ? ನಿನ್ನೆ ತಿಥಿ ಆಯ್ತು. ಅತ್ತೆ ಕತ್ತಲ್ಲೂ ಇಲ್ಲ, ಮನೇಲೂ ಇಲ್ಲ. ಕೇಳುದ್ರೆ ಗೊತ್ತಿಲ್ಲ ಅಂತವ್ರೆ. ಆ ಗಾಬ್ರಿಲಿ ಇಲ್ಲೇ ಬಿಟ್ವೇನೋ ಅಂತ..."

ಗೂಡಿನಿಂದ ತೆಗೆದಿಟ್ಟಿದ್ದ ಕವರ್ ನನ್ನ ಮೊಣಕಾಲಿನ ಹತ್ತಿರದ ಡ್ರಾಯರಿನಲ್ಲಿತ್ತು. ಕೈ ಚಾಚಿದರೆ ಸಾಕಿತ್ತು. 'ಹೌದಮ್ಮ, ಇದೆ, ನಾನೇ ಫೋನ್ ಮಾಡಬೇಕಿತ್ತು' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಿದರೆ? ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ಹೋದ ವಾರ ತಾನೆ ಒಬ್ಬರ ಚೈನ್ ಕಾಣೆಯಾಗಿ, ಸ್ಕ್ಯಾನ್ ಸೆಂಟರಿನವರೆಲ್ಲ ಕಳ್ಳರು ಅಂತ ಗಲಾಟೆಯಾಗಿತ್ತು. ಆಮೇಲೆ ಅದು ಅವರ ಕಾರಿನಲ್ಲೇ ಸಿಕ್ಕಿತು, ಆ ಮಾತು ಬೇರೆ.

"ಇಲ್ಲಮ್ಮ, ಇಲ್ಲಿ ಏನೂ ಇಲ್ಲ" ಅಂದೆ.

"ಒಂಚೂರು ನೋಡಿ ಅಕ್ಕ."

"ದಿನಾ ಕ್ಲೀನ್ ಮಾಡ್ತೀವಿ, ಇದ್ದಿದ್ರೆ ಸಿಗ್ತಿತ್ತು. ಮನೇಲೇ ಸರಿಯಾಗಿ ಹುಡುಕಿ."

ಅವಳು ತಲೆಯಾಡಿಸಿದಳು. "ತೊಂದ್ರೆ ಕೊಟ್ಟೆ, ಬೇಜಾರ್ ಮಾಡ್ಕೋಬೇಡಿ" ಅಂತ ನನಗೇ ಹೇಳಿ ಹೋದಳು.

ನಾನು ಜೀವಮಾನದಲ್ಲಿ ಯಾರದೂ ಒಂದು ಪಿನ್ನು ಎತ್ತಿಕೊಂಡವಳಲ್ಲ. ಇವತ್ತು ಒಬ್ಬ ವಿಧವೆಯ ತಾಳಿ ಡ್ರಾಯರಿನಲ್ಲಿಟ್ಟುಕೊಂಡು ಇಲ್ಲ ಅಂದೆ. ಥೂ.

ಮೇ 16

ಊಟ ಸೇರಲಿಲ್ಲ. ಅತ್ತೆ ನನಗೂ ಕೊರೊನಾ ಬಂತೇನೋ ಅಂತ ಹೆದರಿ ಮೂಗಿನ ಹತ್ತಿರ ಈರುಳ್ಳಿ ಹಿಡಿದು ವಾಸನೆ ಬರುತ್ತಾ ಅಂತ ಕೇಳಿದರು. ಬರುತ್ತೆ ಅಂದೆ.

ಮೇ 22

ಅನುಷಾ ತವರಿಗೆ ಹೋಗಿದ್ದಾಳಂತೆ. ಹೋದದ್ದಲ್ಲ, ಕಳಿಸಿದ್ದು.

ಕಾಂತರಾಜು ಟೀ ಕುಡಿಯುತ್ತಾ ಊರ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದ. ಲಕ್ಕಣ್ಣನವರ ತಂಗಿ ಹುಲಿಗೆಮ್ಮ ತಿಥಿಗೆ ಬಂದವರು ಅಲ್ಲೇ ಉಳಿದಿದ್ದಾರೆ. ತಾಳಿ ಎಲ್ಲಿ ಅಂತ ಮಾತು ಎತ್ತಿದ್ದು ಅವರೇ. ಅವತ್ತು ಅಂಬಮ್ಮನ ಜೊತೆ ಇದ್ದವಳು ಸೊಸೆ ಒಬ್ಬಳೇ. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದ ಅತ್ತೆಯ ಕತ್ತಿನಿಂದ ಬೇರೆ ಯಾರು ತೆಗೆಯುತ್ತಾರೆ? "ನಮ್ಮಣ್ಣನ ಹೆಣ ಆರೋ ಮುಂಚೆ ತಾಳಿಗೆ ಕೈ ಹಾಕಿದ್ಯಲ್ಲೇ" ಅಂದರಂತೆ, ಬೀದಿಗೆಲ್ಲ ಕೇಳುವ ಹಾಗೆ. ಗಂಡ ಶಶಿ ಬಾಯಿ ಬಿಡಲಿಲ್ಲವಂತೆ. ಅಂಬಮ್ಮನೂ ಬಿಡಲಿಲ್ಲವಂತೆ. ಹುಡುಗಿಯ ಅಪ್ಪ ಅಜ್ಜಂಪುರದಿಂದ ಬಂದು ಕರೆದುಕೊಂಡು ಹೋದರಂತೆ.

"ಇರಬೋದು ಕಣಕ್ಕ, ಈಗಿನ್ ಕಾಲದಲ್ಲಿ ಯಾರನ್ನ ನಂಬೋದು" ಅಂದ ಕಾಂತರಾಜು.

ನಾನು ಅವನ ಮೇಲೆ ಕಿರುಚಿದೆ. ಗೊತ್ತಿಲ್ಲದೆ ಒಬ್ಬ ಹೆಣ್ಣುಮಗಳ ಮೇಲೆ ಮಾತಾಡಬೇಡ ಅಂದೆ. ಅವನು ಬೆಪ್ಪಾಗಿ ನೋಡಿದ. ಅವನಿಗೆ ಗೊತ್ತಿಲ್ಲ ಸರಿ, ಗೊತ್ತಿರುವ ನಾನು ಏನು ಮಾಡುತ್ತಿದ್ದೇನೆ?

ಮೇ 23

ಧನಪಾಲ್‌ಗೆ ಎಲ್ಲಾ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಮಷೀನ್ ಹಿಂದೆ ಬಿದ್ದಿತ್ತು, ಇವತ್ತು ಕ್ಲೀನ್ ಮಾಡೋವಾಗ ಸಿಕ್ತು ಅಂತ ಹೇಳು. ಆ ಹುಡುಗಿ ಹೆಸರೂ ಉಳಿಯುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ. ಯಾರಿಗೇನು ಕಷ್ಟ?" ಅಂದರು.

ಒಳ್ಳೆಯ ಉಪಾಯ. ಎಷ್ಟು ಸಲೀಸು. ನನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಸಂಜೆಯವರೆಗೂ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದೆ. ಮಷೀನ್ ಹಿಂದೆ ಬಿದ್ದಿತ್ತು. ಇವತ್ತೇ ಸಿಕ್ಕಿತು.

ಮೇ 26, ಬುಧವಾರ

ಬುದ್ಧ ಪೂರ್ಣಿಮೆ. ಲಾಕ್‌ಡೌನ್ ಅಂತ ಬುದ್ಧ ವಿಹಾರಕ್ಕೆ ಹೋಗುವ ಹಾಗಿಲ್ಲ, ಮನೆಯಲ್ಲೇ ಪಟದ ಮುಂದೆ ಮೇಣದ ಬತ್ತಿ ಹಚ್ಚಿದೆವು. ಅತ್ತೆ ಪಂಚಶೀಲ ಹೇಳಿಕೊಟ್ಟರು, ನಾವಿಬ್ಬರೂ ಹಿಂದೆ ಹೇಳಿದೆವು. ಕೊಲ್ಲುವುದಿಲ್ಲ, ಕದಿಯುವುದಿಲ್ಲ ಅಂತ ಒಂದೊಂದೇ ಹೇಳುತ್ತಾ ಸುಳ್ಳಾಡುವುದಿಲ್ಲ ಅನ್ನುವಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಧನಪಾಲ್ ಒಬ್ಬರೇ ಹೇಳಿದರು. ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು.

ಮಧ್ಯಾಹ್ನ ಶಶಿಗೆ ಫೋನ್ ಮಾಡಿದೆ. ಹಲೋ ಅಂದ. ಇಟ್ಟುಬಿಟ್ಟೆ.

ಜೂನ್ 2

ಸಾಲು ಕರಗುತ್ತಿದೆ. ಗುಣವಾದವರು ಎರಡನೇ ಸ್ಕ್ಯಾನಿಗೆ ಬರುತ್ತಿದ್ದಾರೆ. ಶ್ವಾಸಕೋಶದ ಬಿಳಿ ಮಬ್ಬು ಎಷ್ಟು ಕರಗಿದೆ, ಗಾಯದ ಕಲೆ ಉಳಿದಿದೆಯಾ ಅಂತ ನೋಡಲು. ಬೀರೂರಿನ ಶಿವಮೂರ್ತಪ್ಪನವರು ಬಂದಿದ್ದರು, ಆಂಬುಲೆನ್ಸಿನಲ್ಲಿ ಹೋದವರು ನಡೆದುಕೊಂಡು ಬಂದರು. ತರೀಕೆರೆಯ ಮೀನಾಕ್ಷಮ್ಮ ಟೀಚರ್ ಬಂದಿದ್ದರು, ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರಂತೆ. ಎಲ್ಲರ ಹತ್ತಿರವೂ ಸ್ವಲ್ಪ ಹೊತ್ತು ಮಾತಾಡಿದೆ.

ಅಂಬಮ್ಮನವರು ಬಂದಿಲ್ಲ. ಅವರ ವರದಿಯಲ್ಲೂ ತಿಂಗಳ ನಂತರ ನೋಡಬೇಕು ಅಂತ ಡಾಕ್ಟರ್ ಬರೆದಿದ್ದರು. ಬರುವುದಿಲ್ಲವಂತೆ. "ಸತ್ರೂ ಆ ಬಾಗ್ಲಿಗೆ ಹೋಗಕ್ಕಿಲ್ಲ" ಅಂದರಂತೆ. ಉಸಿರು ಇನ್ನೂ ಸರಿಯಿಲ್ಲ, ಕೂತಲ್ಲೇ ಕೂತಿರುತ್ತಾರೆ ಅಂದ ಕಾಂತರಾಜು. ಆ ಬಾಗಿಲಿನೊಳಗೆ ಇರುವವಳು ನಾನೇ ಅಂತ ಅವನಿಗೆ ಹೇಳುವ ಅಗತ್ಯವಿರಲಿಲ್ಲ, ಅವನು ನನ್ನ ಕಡೆ ನೋಡದೆ ಹೇಳಿದ.

ಜೂನ್ 6, ಭಾನುವಾರ

ಹೋಗಿ ಬಂದೆ.

ಸ್ಕೂಟಿಯಲ್ಲಿ ಒಬ್ಬಳೇ ಹೋದೆ. ನಾನೂ ಬರುತ್ತೇನೆ ಅಂದರು ಧನಪಾಲ್, ಬೇಡ ಅಂದೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ ಐಡಿ ಕಾರ್ಡ್ ತೋರಿಸಿದೆ. "ಕೊರೊನಾ ಡ್ಯೂಟಿನಾ, ಹೋಗಿ ಮೇಡಂ" ಅಂತ ಸಲ್ಯೂಟ್ ಹೊಡೆದ ಒಬ್ಬ. ಎಲ್ಲಾದರೂ ಹೋಗಿ ಬೀಳಬೇಕು ಅನ್ನಿಸಿತು.

ಅಂಬಮ್ಮನವರು ಮನೆಯ ಮುಂದಿನ ಜಗುಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಪಕ್ಕದಲ್ಲಿ ಹುಲಿಗೆಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ಶಶಿ ಓಮ್ನಿ ಒರೆಸುತ್ತಿದ್ದ. ಯಾರವ್ವ ಅಂತ ಹುಲಿಗೆಮ್ಮ ಕೇಳಿದರು. ಕಡೂರಿನ ಸ್ಕ್ಯಾನಿಂಗಿನಿಂದ ಅಂದೆ. ಅಂಬಮ್ಮನವರಿಗೆ ಮಾಸ್ಕಿನ ಮೇಲಿನ ಕಣ್ಣು ಸಾಕಾಯಿತು, ಗುರುತು ಹಿಡಿದರು.

"ಕೂತ್ಕ ಬಾ ಮಗ. ಬಿಸ್ಲಲ್ ಬಂದಿದೀಯ. ನೀರು ಕುಡೀತೀಯ?" ಅಂದರು.

ಬಯ್ಗುಳಕ್ಕೆ ತಯಾರಾಗಿ ಹೋಗಿದ್ದೆ, ನೀರಿಗೆ ಅಲ್ಲ. ಬ್ಯಾಗಿನಿಂದ ಕವರ್ ತೆಗೆದೆ. ಅಭ್ಯಾಸ ಮಾಡಿದ ಮಾತು ತಾನಾಗಿಯೇ ಹೊರಟಿತು. "ಇದು ಮಷೀನ್ ಹಿಂದೆ ಬಿದ್ದಿತ್ತಮ್ಮ, ಮೊನ್ನೆ..." ಅಲ್ಲಿಗೆ ನಿಂತಿತು. ಹುಲಿಗೆಮ್ಮನ ಕೈಯಿಂದ ಹುಣಸೆಹಣ್ಣು ಜಾರಿತು. ಶಶಿ ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದ.

"ಇಲ್ಲ, ಸುಳ್ಳು ಹೇಳ್ದೆ" ಅಂದೆ. "ಎಲ್ಲೂ ಬಿದ್ದಿರಲಿಲ್ಲ. ಅವತ್ತಿನಿಂದ ನನ್ನ ಹತ್ತಿರವೇ ಇತ್ತು. ನಿಮ್ಮ ಸೊಸೆ ಬಂದು ಕೇಳಿದ್ರು. ಕೈಗೆಟುಕೋ ಹಾಗಿತ್ತು, ಇಲ್ಲ ಅಂದ್ಬಿಟ್ಟೆ. ಅವರದೇನೂ ತಪ್ಪಿಲ್ಲ."

"ಅಯ್ಯೋ ನಿನ್ ಮನೆ ಹಾಳಾಗ!" ಹುಲಿಗೆಮ್ಮ ಎದ್ದೇಬಿಟ್ಟರು. "ಆ ಕೂಸ್ನ ಬೀದೀಲಿ ನಿಲ್ಲಿಸ್ಕಂಡು ಕಳ್ಳಿ ಅಂದ್ನಲ್ಲೇ ನಾನು! ಓದ್ದೋಳು ನೀನು, ನಾಲ್ಗೆ ಹೆಂಗ್ ಬಂತೇ ನಿಂಗೆ?" ಇನ್ನೂ ಬಹಳ ಅಂದರು. ಒಂದೊಂದೂ ಸರಿಯಾಗಿಯೇ ಅಂದರು. ಶಶಿ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಂಬಮ್ಮನವರು ಕೈಯೆತ್ತಿ ನಾದಿನಿಯನ್ನು ಸುಮ್ಮನಿರಿಸಿದರು. ಕವರ್ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು, ಬಿಚ್ಚಿ ನೋಡಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಂಡು ಹೇಳಿದರು.

"ನಂಗೊತ್ತಿತ್ತು ಕಣವ್ವ, ಅಲ್ಲೇ ಐತೆ ಅಂತ. ನೀನು ಕವರಿಗೆ ಹಾಕಿದ್ದು ಕಂಡಿದ್ನಲ್ಲ."

"ಮತ್ತೆ ಹೇಳ್ಬಾರದಿತ್ತಾ ಅಮ್ಮ? ಅನುಷಾ..."

"ಫೋಟೋ ಆದ್ಮೇಲೆ ಕಟ್ಕೊ ಅಂತ ನೀನೇ ಅಂದಿದ್ದೆ. ಅದು ಅಲ್ಲಿರೋಗಂಟ, ಕಟ್ಕಳದು ಇನ್ನೂ ಬಾಕಿ ಐತೆ ಅನ್ನಿಸದು. ಅವ್ರ ಮಕಾನೂ ತೋರಿಸ್ಲಿಲ್ಲ ನಂಗೆ. ಮಣ್ಣು ಹಾಕಿದ್ದೂ ಕಾಣೆ. ಇನ್ನೂ ಆಸ್ಪತ್ರೇಲೇ ಅವ್ರೆ, ನಾನು ಹೋಗಿ ತಾಳಿ ಈಸ್ಕಂಡು ಕಟ್ಕಂಡ್ರೆ ಬಂದ್ಬುಡ್ತಾರೆ ಅಂತ ಒಂದು ಹುಚ್ಚು. ಅದ್ಕೇ ಬಾಯಿ ಬಿಡ್ಲಿಲ್ಲ. ಅನುಷನ್ನ ಅಂದಾಗ್ಲೂ ಬಿಡ್ಲಿಲ್ಲ." ಕವರಿನ ಮೇಲೆ ಕೈ ಆಡಿಸಿದರು. "ಈಗ ನೀನು ತಂದ್ಬುಟ್ಟೆ. ಆಯ್ತು, ಬುಡು. ತರ್ಲೇಬೇಕಿತ್ತು."

ಆಮೇಲೆ ಅತ್ತರು. ನಾನು ದೂರದಲ್ಲಿ ನಿಂತಿದ್ದೆ. ಹತ್ತಿರ ಹೋಗುವ ಯೋಗ್ಯತೆ ಎಲ್ಲಿತ್ತು? ಹುಲಿಗೆಮ್ಮ ತಬ್ಬಿಕೊಂಡರು. ಎಷ್ಟು ಸತ್ಯ ಹೇಳಿ ಕೈ ತೊಳೆದುಕೊಳ್ಳಲು ಹೋದೆನೋ, ಅಷ್ಟೂ ಆ ಹೆಂಗಸಿನ ಎದೆಯ ಮೇಲೆ ಹೋಗಿ ಬಿತ್ತು.

ಮುಖ ಒರೆಸಿಕೊಂಡು ಅಂಬಮ್ಮನವರೇ ಎದ್ದರು. "ಗಾಡಿ ತೆಗಿಯೋ ಶಶಿ. ಅಜ್ಜಂಪುರಕ್ಕೆ ಹೋಗಾಣ." ನನ್ನ ಕಡೆ ತಿರುಗಿದರು. "ನೀನೂ ಬಾರವ್ವ. ಇಬ್ರೂ ಹೋಗಿ ಆ ಮಗೀಗೆ ಮಕ ತೋರ್ಸಾಣ."

ಓಮ್ನಿಯ ಕಿಟಕಿಗಳನ್ನೆಲ್ಲ ತೆಗೆದು, ನಾನು ಹಿಂದಿನ ಸೀಟಿನ ಮೂಲೆಯಲ್ಲಿ ಕೂತೆ.

ಅನುಷಾ ಬಾಗಿಲಿಗೆ ಬಂದಳು. ಅತ್ತೆ ನಡೆಯಲಾರದೆ ನಡೆಯುವುದನ್ನು ಕಂಡು ಓಡಿಬಂದು ತೋಳು ಹಿಡಿದುಕೊಂಡಳು. "ತಪ್ಪಾಯ್ತು ಕಣ್ ಮಗ. ಬಾಯಿದ್ದೂ ಮೂಗಿ ಆಗ್ಬುಟ್ಟೆ" ಅಂದರು ಅಂಬಮ್ಮ. "ಮೊದ್ಲು ಕೂತ್ಕಳಿ ಅತ್ತೆ, ಉಸ್ರು ಸರಿಯಾಗ್ಲಿ" ಅಂದಳು. ಶಶಿ ಏನೋ ಹೇಳಲು ಬಂದ. ಅವಳು ಅವನ ಕಡೆ ತಿರುಗಲಿಲ್ಲ. ಅವರಿಬ್ಬರ ಲೆಕ್ಕ ಸರಿಹೋಗಲು ಇನ್ನೂ ದಿನ ಬೇಕು.

ಆಮೇಲೆ ನನ್ನ ಹತ್ತಿರ ಬಂದು ನಿಂತಳು. ಎಲ್ಲವನ್ನೂ ಹೇಳಿದೆ, ಡ್ರಾಯರು ಎಷ್ಟು ಹತ್ತಿರವಿತ್ತು ಅನ್ನುವುದನ್ನೂ. ಕೇಳಿಸಿಕೊಂಡಳು.

"ಹುಲಿಗೆಮ್ಮತ್ತೆ ಮೊದ್ಲು ಅನುಮಾನ ಪಟ್ಟಿದ್ದು ನಿಮ್ಮ ಮೇಲೇ ಗೊತ್ತಾ ಅಕ್ಕ? ಆ ಸ್ಕ್ಯಾನಿಂಗ್ ಹೆಂಗಸೇ ಇಟ್ಕೊಂಡಿರ್ತಾಳೆ ಅಂದ್ರು. ನಾನೇ ಜಗಳ ಆಡ್ದೆ. ನಾನ್ ಹೋಗಿ ಕೇಳಿದೀನಿ, ಇಲ್ಲ ಅಂದವ್ರೆ. ಪಾಪ, ಜೀವ ಒತ್ತೆ ಇಟ್ಟು ದಿನಾ ಎಷ್ಟು ಜನಕ್ಕೆ ಮಾಡ್ತವ್ರೆ, ಅಂಥವ್ರು ಸುಳ್ಳು ಹೇಳಲ್ಲ ಅಂತ. ಅಂಗಾದ್ರೆ ನೀನೇ ತಗಂಡಿದೀಯ ಅಂದ್ರು."

ಅವಳು ಅಳಲಿಲ್ಲ, ದನಿ ಎತ್ತಲಿಲ್ಲ. ನನ್ನ ಪರ ವಾದ ಮಾಡಿ ಅವಳು ಕಳ್ಳಿಯಾದಳು.

"ಅತ್ತೆ ಉಸ್ರು ನೋಡಿದ್ರೆ ಹೆದರಿಕೆ ಆಯ್ತದೆ. ಸ್ಕ್ಯಾನ್ ಮಾಡಿಸ್ಬೇಕಲ್ವಾ?" ಅಂತ ಕೇಳಿದಳು.

"ಮಾಡಿಸ್ಲೇಬೇಕಮ್ಮ. ತಡ ಮಾಡಬೇಡಿ."

"ನಾನೇ ಕರ್ಕಂಡು ಬತ್ತೀನಿ. ಅವತ್ತು ನೀವು ಅಲ್ಲಿರ್ಬೇಡಿ ಅಕ್ಕ."

ಆಯಿತು ಅಂದೆ.

ಜೂನ್ 14, ಸೋಮವಾರ

ರಜೆ ಹಾಕಿ ಮನೆಯಲ್ಲಿದ್ದೆ. ಅತ್ತೆಗೂ ಎಲ್ಲಾ ಹೇಳಿದ್ದೇನೆ. ಬಯ್ಯುವಷ್ಟು ಬಯ್ದು, ಇವತ್ತು ಬೆಳಿಗ್ಗೆಯಿಂದ ನನ್ನ ಜೊತೆ ಅವರೂ ಫೋನ್ ಕಾಯುತ್ತಿದ್ದರು.

ಮಧ್ಯಾಹ್ನ ಕಾಂತರಾಜು ಮಾಡಿದ. ಅಂಬಮ್ಮನವರ ಸ್ಕ್ಯಾನ್ ಮುಗಿಯಿತು. ಎಡಗಡೆ ಕೆಳಗೆ ಸ್ವಲ್ಪ ಕಲೆ ಉಳಿದಿದೆ, ಮಿಕ್ಕಿದ್ದೆಲ್ಲ ತಿಳಿಯಾಗುತ್ತಿದೆ, ಮಾತ್ರೆಯಲ್ಲೇ ಸರಿಹೋಗುತ್ತದೆ ಅಂತ ಡಾಕ್ಟರ್ ಹೇಳಿದರಂತೆ. ಅತ್ತೆ ಪಟಕ್ಕೆ ಕೈ ಮುಗಿದರು. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅನುಷಾ ಏನಾದರೂ ಅಂದಳಾ ಅಂತ ಕಾಂತರಾಜುವನ್ನು ಕೇಳಿದೆ. ಅವನು ಹೇಳಲು ಹಿಂದೆಮುಂದೆ ನೋಡಿದ. ಆಮೇಲೆ ಹೇಳಿದ. ಅನುಷಾ ಅತ್ತೆಯನ್ನು ಗಾಡಿಯಲ್ಲೇ ಕೂರಿಸಿ, ತಾನೊಬ್ಬಳೇ ಮೊದಲು ಬಾಗಿಲಿಗೆ ಬಂದಳಂತೆ. "ಆ ಮೇಡಂ ಇಲ್ಲ ತಾನೆ?" ಅಂತ ಕೇಳಿದಳಂತೆ. ಇಲ್ಲ ಅಂದನಂತೆ. ಆದರೂ ಒಳಗೆ ಬಂದು, ಒಂದೊಂದು ರೂಮನ್ನೂ ತಾನೇ ಬಾಗಿಲು ತೆಗೆದು ನೋಡಿ, ಆಮೇಲೆ ಅತ್ತೆಯನ್ನು ಇಳಿಸಿಕೊಂಡು ಬಂದಳಂತೆ.